ಬೀಗ ಬಿಚ್ಚಿದ ತಪ್ಪಿಗೆ

(ಡಿಜಿಟಲ್ ಬೀಗಗಳು, ಅವನ್ನು ಬಿಚ್ಚುವ ಪ್ರೋಗ್ರಾಮರುಗಳು ಹಾಗೂ ಕಾನೂನು ಕುರಿತ ಉಪನ್ಯಾಸದ ಬರಹರೂಪ)



2001ರ ಜುಲೈ 16, ಸೋಮವಾರ. ಅಮೆರಿಕದ ಲಾಸ್ ವೇಗಸ್ ನಗರದ ಹೋಟೆಲೊಂದರಿಂದ ರಷ್ಯದ ಯುವಕನೊಬ್ಬ ಊರಿಗೆ ಹೊರಟಿದ್ದ. ಹೆಸರು ದಿಮಿತ್ರಿ ಸ್ಕ್ಲ್ಯಾರೊವ್, ವಯಸ್ಸು 26. ಮಾಸ್ಕೋದ ಬೌಮನ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ, ಹೊಟ್ಟೆಪಾಡಿಗೆ ಎಲ್ಕಾಮ್‌ಸಾಫ್ಟ್ ಎಂಬ ಕಂಪೆನಿಯಲ್ಲಿ ಪ್ರೋಗ್ರಾಮರ್ ಕೆಲಸ. ಮನೆಯಲ್ಲಿ ಹೆಂಡತಿ ಮತ್ತು ಇಬ್ಬರು ಪುಟ್ಟ ಮಕ್ಕಳು ಕಾಯುತ್ತಿದ್ದರು. ಹಿಂದಿನ ದಿನವಷ್ಟೇ ಡೆಫ್‌ಕಾನ್ ಎಂಬ ಕಂಪ್ಯೂಟರ್ ಭದ್ರತಾ ಸಮ್ಮೇಳನದಲ್ಲಿ ಆತ ಒಂದು ಪ್ರಬಂಧ ಮಂಡಿಸಿದ್ದ. ಪೆಟ್ಟಿಗೆ ಕಟ್ಟಿ ವಿಮಾನ ಹಿಡಿಯುವುದೊಂದೇ ಬಾಕಿ. ಆದರೆ ಎದುರಿಗೆ ಬಂದವರು ಎಫ್.ಬಿ.ಐ. ಅಧಿಕಾರಿಗಳು. ಕೈಗೆ ಕೋಳ ಬಿತ್ತು.

ಆತ ಮಾಡಿದ್ದೇನು? ಅಡೋಬಿ ಕಂಪೆನಿಯ ವಿದ್ಯುನ್ಮಾನ ಪುಸ್ತಕಗಳಿಗೆ, ಅಂದರೆ ಇ-ಬುಕ್‌ಗಳಿಗೆ, ಒಂದು ಗೂಢಲಿಪಿಯ ಬೀಗ ಇತ್ತು. ಕೊಂಡವನು ಅದನ್ನು ಯಾವ ಕಂಪ್ಯೂಟರಿನಲ್ಲಿ ಕೊಂಡನೋ ಅದರಲ್ಲೇ ಓದಬೇಕು, ಇನ್ನೊಂದಕ್ಕೆ ಒಯ್ಯುವಂತಿಲ್ಲ. ಪ್ರಕಾಶಕರು ಬೇಡವೆಂದರೆ ಮುದ್ರಿಸಿಕೊಳ್ಳುವಂತಿಲ್ಲ, ಕಂಪ್ಯೂಟರಿನ ಧ್ವನಿಯಲ್ಲಿ ಓದಿಸಿ ಕೇಳುವಂತೆಯೂ ಇಲ್ಲ. ಎಲ್ಕಾಮ್‌ಸಾಫ್ಟ್ 99 ಡಾಲರ್‌ಗೆ ಮಾರಿದ ಒಂದು ಸಾಫ್ಟ್‌ವೇರ್ ಈ ಬೀಗವನ್ನು ತೆಗೆದು ಪುಸ್ತಕವನ್ನು ಸಾಮಾನ್ಯ ಪಿ.ಡಿ.ಎಫ್. ಕಡತವನ್ನಾಗಿ ಮಾಡಿಕೊಡುತ್ತಿತ್ತು. ನ್ಯಾಯವಾಗಿ ಕೊಂಡ ಪುಸ್ತಕದ ಮೇಲೆ ಮಾತ್ರ ಅದು ಕೆಲಸ ಮಾಡುತ್ತಿತ್ತು. ಅದರ ಮುಖ್ಯ ಭಾಗವನ್ನು ಬರೆದವನು ಸ್ಕ್ಲ್ಯಾರೊವ್. ತನ್ನ ಭಾಷಣದಲ್ಲಿ ಆತ ಇಂಥ ಹಲವು ಬೀಗಗಳು ಎಷ್ಟು ಟೊಳ್ಳು ಎಂಬುದನ್ನು ಬಿಡಿಸಿ ತೋರಿಸಿದ್ದ. ಅವುಗಳಲ್ಲೊಂದರ 'ಗೂಢಲಿಪಿ' ಎಂದರೆ ಇಂಗ್ಲಿಷ್ ವರ್ಣಮಾಲೆಯ ಪ್ರತಿ ಅಕ್ಷರವನ್ನೂ 13 ಸ್ಥಾನ ಮುಂದಕ್ಕೆ ಸರಿಸುವುದು, ಅಷ್ಟೆ. ಶಾಲೆಯ ಹುಡುಗರು ಚೀಟಿ ಬರೆದು ಬೆಂಚಿನ ಕೆಳಗೆ ದಾಟಿಸುವಾಗ ಮಾಡುವ ಉಪಾಯ!

ಗಮನಿಸಬೇಕಾದ ಸಂಗತಿ ಒಂದಿದೆ. ಆತ ಯಾವುದೋ ಪುಸ್ತಕವನ್ನು ಕದ್ದು ಅಚ್ಚು ಹಾಕಿದನೆಂದಾಗಲೀ ನಕಲು ಮಾಡಿ ಹಂಚಿದನೆಂದಾಗಲೀ ಯಾರೂ ದೂರಿರಲಿಲ್ಲ. ಆ ಪ್ರೋಗ್ರಾಮನ್ನು ಆತ ಬರೆದದ್ದು ಮಾಸ್ಕೋದಲ್ಲಿ; ಅಂದಿನ ರಷ್ಯದ ಕಾನೂನಿನ ಪ್ರಕಾರ ಅದು ಅಪರಾಧವೂ ಆಗಿರಲಿಲ್ಲ. ಆದರೂ ಆತನನ್ನು ಲಾಸ್ ವೇಗಸ್‌ನಿಂದ ಒಕ್ಲಹೋಮಾ ನಗರದ ಮೂಲಕ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಗೆ ಕೈದಿಯಾಗಿ ಕರೆದೊಯ್ದರು. ಜುಲೈ 23ರಂದು ಅಮೆರಿಕದ ಹಲವು ನಗರಗಳಲ್ಲಿ ಪ್ರೋಗ್ರಾಮರುಗಳು ಫಲಕ ಹಿಡಿದು ಬೀದಿಗಿಳಿದರು. ದೂರು ಕೊಟ್ಟ ಅಡೋಬಿಯೇ ಅಂದು ಹಿಂದೆ ಸರಿದು, ಆತನನ್ನು ಬಿಡುವುದು ಒಳ್ಳೆಯದೆಂದು ಹೇಳಿತು. ಆದರೆ ಕ್ರಿಮಿನಲ್ ಮೊಕದ್ದಮೆ ದೂರುದಾರನ ಸ್ವತ್ತಲ್ಲ, ಸರ್ಕಾರದ ಸ್ವತ್ತು. ಸರ್ಕಾರ ಬಿಡಲಿಲ್ಲ. ಆಗಸ್ಟ್ 6ರಂದು 50,000 ಡಾಲರ್ ಜಾಮೀನಿನ ಮೇಲೆ ಹೊರಬಂದನಾದರೂ ದೇಶ ಬಿಡುವಂತಿರಲಿಲ್ಲ. ಅದೇ ತಿಂಗಳ 28ರಂದು ಆತನ ಮೇಲೂ ಆತನ ಕಂಪೆನಿಯ ಮೇಲೂ ಐದು ಆರೋಪಗಳ ಪಟ್ಟಿ ಸಿದ್ಧವಾಯಿತು. ಎಲ್ಲವೂ ರುಜುವಾತಾದರೆ 25 ವರ್ಷಗಳವರೆಗೆ ಸೆರೆಮನೆ, ಇಪ್ಪತ್ತೆರಡೂವರೆ ಲಕ್ಷ ಡಾಲರ್‌ವರೆಗೆ ದಂಡ.

ಒಂದು ಹಾಳೆಯನ್ನೂ ಕದಿಯದವನಿಗೆ 25 ವರ್ಷವೇ? ಇದು ಹೇಗೆ ಸಾಧ್ಯವಾಯಿತೆಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಸಾಫ್ಟ್‌ವೇರಿಗೆ ಬೀಗ ಹಾಕುವ ಅಭ್ಯಾಸ ಹೊಸತೇನಲ್ಲ. ಕರ್ನಾಟಕದ ಊರೂರುಗಳಲ್ಲಿ ಡಿ.ಟಿ.ಪಿ. ಅಂಗಡಿಗಳು ತಲೆಯೆತ್ತಿದ ಕಾಲವನ್ನು ಕಂಡವರಿಗೆ ಇದು ಗೊತ್ತು. ಭಾರತೀಯ ಭಾಷೆಗಳ ಅಕ್ಷರ ಜೋಡಿಸುವ ತಂತ್ರಾಂಶಗಳ ಜೊತೆ ಡಾಂಗಲ್ ಎಂಬ ಬೆಂಕಿಪೊಟ್ಟಣದಷ್ಟು ದೊಡ್ಡ ಸಾಧನ ಬರುತ್ತಿತ್ತು. ಪ್ರಿಂಟರಿನ ತಂತಿ ಸೇರುವ ಕಡೆ ಅದನ್ನು ಸಿಕ್ಕಿಸದಿದ್ದರೆ ತಂತ್ರಾಂಶ ಏಳುತ್ತಲೇ ಇರಲಿಲ್ಲ. ಡಾಂಗಲ್ ಕೆಟ್ಟರೆ ಮದುವೆಯ ಕರೆಯೋಲೆ ಅರ್ಧಕ್ಕೇ ನಿಲ್ಲಬೇಕು. ಅದಕ್ಕೂ ಹಿಂದೆ, ಫ್ಲಾಪಿಗಳ ಕಾಲದಲ್ಲಿ, ಅಮೆರಿಕದ ವಾಲ್ಟ್ ಎಂಬ ಕಂಪೆನಿ ಫ್ಲಾಪಿಯ ಮೇಲೆಯೇ ಅಳಿಸಲಾಗದ ಒಂದು ಗುರುತು ಮಾಡಿ ಕೊಡುತ್ತಿತ್ತು. ಆ ಗುರುತಿಲ್ಲದ ನಕಲು ಓಡುತ್ತಿರಲಿಲ್ಲ. ಕ್ವೇಡ್ ಎಂಬ ಕೆನಡಾದ ಕಂಪೆನಿ ಈ ಕಾವಲನ್ನು ತಪ್ಪಿಸುವ ಸಾಫ್ಟ್‌ವೇರ್ ಮಾರಿತು. ವಾಲ್ಟ್ ನ್ಯಾಯಾಲಯಕ್ಕೆ ಹೋಯಿತು. 1988ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಕೊಟ್ಟ ತೀರ್ಪು ಕ್ವೇಡ್ ಪರವಾಗಿತ್ತು. ಕೊಂಡ ಪ್ರೋಗ್ರಾಮಿಗೆ ಒಂದು ಕಾಪು ಪ್ರತಿ ಮಾಡಿಟ್ಟುಕೊಳ್ಳುವುದು ಗ್ರಾಹಕನ ಹಕ್ಕು. ಅಂಥ ನ್ಯಾಯವಾದ ಉಪಯೋಗಕ್ಕೂ ಬರುವ ಸಾಧನವನ್ನು ಮಾರಿದ ಮಾತ್ರಕ್ಕೆ ಕಳ್ಳನ ಸಹಾಯಕ ಎನ್ನಲಾಗದು ಎಂಬುದು ಅದರ ತಿರುಳು.

ಅಂದರೆ 1988ರ ಹೊತ್ತಿಗೆ ಕಾನೂನು ಕೇಳುತ್ತಿದ್ದುದು ಒಂದೇ ಪ್ರಶ್ನೆ: ಕೃತಿಸ್ವಾಮ್ಯ ಉಲ್ಲಂಘನೆಯಾಯಿತೇ, ಇಲ್ಲವೇ? ಬೀಗದ ಗತಿ ಏನಾಯಿತೆಂಬುದು ಕಾನೂನಿಗೆ ಬೇಕಿರಲಿಲ್ಲ. ಹತ್ತೇ ವರ್ಷಗಳಲ್ಲಿ ಈ ಪ್ರಶ್ನೆ ಬದಲಾಯಿತು.

ಬದಲಾಗಲು ಕಾರಣವಿತ್ತು, ಅದು ಪೊಳ್ಳು ಕಾರಣವೂ ಅಲ್ಲ. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಹಾಡು ಇಳಿಸಿದರೆ ಪ್ರತಿ ಸಲವೂ ಧ್ವನಿ ಒಂದಿಷ್ಟು ಕೆಡುತ್ತಿತ್ತು. ಡಿಜಿಟಲ್ ನಕಲಿಗೆ ಆ ಕಟ್ಟುಪಾಡಿಲ್ಲ. ಸಾವಿರದ ಒಂದನೆಯ ಪ್ರತಿಯೂ ಮೊದಲನೆಯದರಷ್ಟೇ ಸ್ವಚ್ಛ. ಅದನ್ನು ಇಂಟರ್‌ನೆಟ್ಟಿನಲ್ಲಿ ಬಿಟ್ಟರೆ ಬೆಳಗಾಗುವುದರೊಳಗೆ ಲೋಕವೆಲ್ಲ ಹರಡೀತು. ಬರಹಗಾರ, ಸಂಗೀತಗಾರ, ಚಿತ್ರ ನಿರ್ಮಾಪಕ ಹೆದರಿದ್ದು ಸಹಜ. 1996ರ ಡಿಸೆಂಬರಿನಲ್ಲಿ ಜಿನೀವಾದಲ್ಲಿ ವಿಶ್ವ ಬೌದ್ಧಿಕ ಸ್ವತ್ತು ಸಂಸ್ಥೆಯ ಆಶ್ರಯದಲ್ಲಿ ಒಂದು ಒಪ್ಪಂದವಾಯಿತು. ಕೃತಿಗಳ ರಕ್ಷಣೆಗೆ ಹಾಕಿದ ತಾಂತ್ರಿಕ ಬೀಗಗಳನ್ನು ಮುರಿಯುವುದರ ವಿರುದ್ಧ 'ಸಾಕಷ್ಟು' ಕಾನೂನು ರಕ್ಷಣೆ ಕೊಡಬೇಕೆಂದು ಅದರ 11ನೆಯ ಕಲಮು ಹೇಳಿತು. ಎಷ್ಟು ಕೊಟ್ಟರೆ ಸಾಕಷ್ಟು ಎಂಬುದನ್ನು ಆಯಾ ದೇಶಕ್ಕೆ ಬಿಟ್ಟಿತು.

ಅಮೆರಿಕ ಬಹಳವೇ ಧಾರಾಳವಾಗಿ ಕೊಟ್ಟಿತು. 1998ರ ಅಕ್ಟೋಬರ್ 28ರಂದು ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದ 'ಡಿಜಿಟಲ್ ಮಿಲೆನಿಯಂ ಕಾಪಿರೈಟ್ ಆ್ಯಕ್ಟ್'ನ 1201ನೆಯ ಸೆಕ್ಷನ್ನಿನಲ್ಲಿ ಎರಡು ಬಗೆಯ ನಿಷೇಧಗಳಿವೆ. ಕೃತಿಯೊಂದನ್ನು ತೆರೆಯದಂತೆ ಕಾಯುವ ಬೀಗವನ್ನು ಮುರಿಯುವುದು ಒಂದು ತಪ್ಪು. ಮುರಿಯುವ ಸಾಧನವನ್ನು ತಯಾರಿಸುವುದು, ಮಾರುವುದು, ಹಂಚುವುದು ಇನ್ನೊಂದು ತಪ್ಪು. ಪ್ರೋಗ್ರಾಮರುಗಳಿಗೆ ಕುತ್ತು ತಂದದ್ದು ಎರಡನೆಯದು. ನೊಂದ ಕಂಪೆನಿ ಸಿವಿಲ್ ದಾವೆ ಹೂಡಬಹುದು. ಪ್ರತಿ ಕೃತ್ಯಕ್ಕೆ 200ರಿಂದ 2,500 ಡಾಲರ್ ಪರಿಹಾರ. ಸಾವಿರ ಪ್ರತಿ ಮಾರಿದ್ದರೆ ಗುಣಿಸಿ ನೋಡಿಕೊಳ್ಳಬೇಕು. ಹಣದ ಲಾಭಕ್ಕಾಗಿ, ಗೊತ್ತಿದ್ದೂ ಬೇಕೆಂತಲೇ ಮಾಡಿದ್ದರೆ ಅದು ಕ್ರಿಮಿನಲ್ ಅಪರಾಧ: ಮೊದಲ ಸಲಕ್ಕೆ ಐದು ವರ್ಷದವರೆಗೆ ಸೆರೆ, ಐದು ಲಕ್ಷ ಡಾಲರ್‌ವರೆಗೆ ದಂಡ. ಎರಡನೆಯ ಸಲಕ್ಕೆ ಎರಡೂ ಇಮ್ಮಡಿ.

ಬೀಗ ಮುರಿಯುವುದು ತಪ್ಪಲ್ಲವೇ, ಪಕ್ಕದ ಮನೆಯ ಬೀಗ ಒಡೆದರೆ ಸುಮ್ಮನಿರುತ್ತಾರೆಯೇ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಇಲ್ಲಿ ಬೀಗ ಇರುವುದು ಪಕ್ಕದ ಮನೆಗಲ್ಲ. ದುಡ್ಡು ಕೊಟ್ಟು ಕೊಂಡು ಸ್ವಂತ ಮನೆಗೆ ತಂದಿಟ್ಟುಕೊಂಡ ಬೀರುವಿಗೆ. ಕೀಲಿಕೈ ಮಾತ್ರ ಅಂಗಡಿಯವನ ಜೇಬಿನಲ್ಲಿ. ಬೀರುವನ್ನು ಯಾವ ಕೋಣೆಯಲ್ಲಿಡಬೇಕು, ಯಾರು ತೆರೆಯಬೇಕು, ಎಷ್ಟು ಸಲ ತೆರೆಯಬೇಕು ಎಲ್ಲವನ್ನೂ ಆತನೇ ಹೇಳುತ್ತಾನೆ. ಹಳೆಯ ಕೃತಿಸ್ವಾಮ್ಯ ಕಾನೂನು ಓದುಗನಿಗೆ, ಅಧ್ಯಾಪಕನಿಗೆ, ವಿಮರ್ಶಕನಿಗೆ ಕೊಟ್ಟಿದ್ದ ಸಣ್ಣಪುಟ್ಟ ರಿಯಾಯಿತಿಗಳಾವುವೂ ಬೀಗಕ್ಕೆ ಗೊತ್ತಿಲ್ಲ. 1865ರಲ್ಲಿ ಅಚ್ಚಾದ, ಯಾರ ಹಕ್ಕೂ ಉಳಿಯದ 'ಆಲಿಸ್ ಇನ್ ವಂಡರ್‌ಲ್ಯಾಂಡ್' ಪುಸ್ತಕದ ಒಂದು ಇ-ಬುಕ್ ಆವೃತ್ತಿಯಲ್ಲಿ, ಈ ಪುಸ್ತಕವನ್ನು ಗಟ್ಟಿಯಾಗಿ ಓದುವಂತಿಲ್ಲ ಎಂಬ ಸೂಚನೆ ಕಾಣಿಸಿಕೊಂಡು ನಗೆಪಾಟಲಾಯಿತು. ಕಂಪ್ಯೂಟರಿನ ಧ್ವನಿಯಿಂದ ಓದಿಸುವ ಸೌಲಭ್ಯಕ್ಕೆ ಮಾತ್ರ ಅದು ಅನ್ವಯಿಸುತ್ತದೆಂದು ಅಡೋಬಿ ಸಮಜಾಯಿಷಿ ಕೊಟ್ಟಿತು. ಆದರೆ ಕಣ್ಣು ಕಾಣದ ಓದುಗನಿಗೆ ಬೇಕಾದದ್ದು ಆ ಸೌಲಭ್ಯವೇ ತಾನೆ?

ಹೊಸ ಕಾನೂನಿನ ಮೊದಲ ದೊಡ್ಡ ಕದನ ನಡೆದದ್ದು ಡಿ.ವಿ.ಡಿ. ತಟ್ಟೆಗಳ ಮೇಲೆ. ಆ ತಟ್ಟೆಗಳ ಸಿನಿಮಾಗಳಿಗೆ ಸಿ.ಎಸ್.ಎಸ್. ಎಂಬ ಗೂಢಲಿಪಿ ಇತ್ತು. ಅದರ ಕೀಲಿಕೈ ಬರೀ 40 ಬಿಟ್ ಉದ್ದದ್ದು. ಆ ಕಾಲದ ಲೆಕ್ಕಕ್ಕೂ ಸಣ್ಣದೇ. ಪ್ಲೇಯರ್ ತಯಾರಿಸುವ ಪ್ರತಿ ಕಂಪೆನಿಯೂ ಪರವಾನಗಿ ಪಡೆದು ತನ್ನದೊಂದು ಕೀಲಿಕೈ ಇಟ್ಟುಕೊಳ್ಳಬೇಕಿತ್ತು. ಲೈನಕ್ಸ್ ಬಳಸುವವರಿಗೆ ಅಂಥ ಪರವಾನಗಿ ಪಡೆದ ಪ್ಲೇಯರ್ ಇರಲಿಲ್ಲ. ಒಂದು ಕಂಪೆನಿ ತನ್ನ ಕೀಲಿಕೈಯನ್ನು ಸರಿಯಾಗಿ ಬಚ್ಚಿಡದೆ ಸಾಫ್ಟ್‌ವೇರಿನೊಳಗೆ ಹಾಗೆಯೇ ಬಿಟ್ಟಿತ್ತು. ಅದು ಸಿಕ್ಕಿದ ಮೇಲೆ ಉಳಿದದ್ದು ಸುಲಭವಾಯಿತು. 1999ರ ಅಕ್ಟೋಬರಿನಲ್ಲಿ 'ಡಿಸಿಎಸ್ಎಸ್' ಎಂಬ ಪುಟ್ಟ ಪ್ರೋಗ್ರಾಮ್ ಇಂಟರ್‌ನೆಟ್ಟಿಗೆ ಬಂತು. ಅದನ್ನು ಹೊರಬಿಟ್ಟವನು ನಾರ್ವೆಯ ಹುಡುಗ ಯೋನ್ ಲೆಕ್ ಯೋಹಾನ್ಸೆನ್, ವಯಸ್ಸು 15. ಹೆಸರು ಹೇಳಿಕೊಳ್ಳದ ಇನ್ನಿಬ್ಬರು ಆತನ ಜೊತೆಗಿದ್ದರು.

2000ದ ಜನವರಿಯಲ್ಲಿ ಪೊಲೀಸರು ಹುಡುಗನ ಮನೆ ಹೊಕ್ಕು ಕಂಪ್ಯೂಟರುಗಳನ್ನೂ ಮೊಬೈಲ್ ಫೋನನ್ನೂ ಹೊತ್ತೊಯ್ದರು. ಎರಡು ವರ್ಷ ತಡೆದು, 2002ರಲ್ಲಿ, ಮೊಕದ್ದಮೆ ಹೂಡಿದರು. ನಾರ್ವೆಯಲ್ಲಿ ಆಗ ಅಮೆರಿಕದಂಥ ಕಾನೂನು ಇರಲಿಲ್ಲ. ಆದ್ದರಿಂದ ಪರರ ದತ್ತಾಂಶಕ್ಕೆ ಅಕ್ರಮ ಪ್ರವೇಶ ಮಾಡುವವರ ವಿರುದ್ಧವಿದ್ದ ಹಳೆಯ ದಂಡಸಂಹಿತೆಯ ಕಲಮನ್ನೇ ತಿರುಗಿಸಿ ಹೊಂದಿಸಬೇಕಾಯಿತು. ಓಸ್ಲೋ ನ್ಯಾಯಾಲಯ 2003ರ ಜನವರಿ 7ರಂದು ಕೊಟ್ಟ ಉತ್ತರ ನೇರವಾಗಿತ್ತು: ತಾನೇ ಕೊಂಡ ತಟ್ಟೆಯಲ್ಲಿರುವುದನ್ನು ನೋಡುವುದು ಅಕ್ರಮ ಪ್ರವೇಶವಲ್ಲ, ತಯಾರಕರು ಊಹಿಸದ ಯಂತ್ರದಲ್ಲಿ ನೋಡಿದರೂ ಅಲ್ಲ. ಸರ್ಕಾರ ಮೇಲ್ಮನವಿ ಹೋಯಿತು. ಅದೇ ವರ್ಷ ಡಿಸೆಂಬರ್ 22ರಂದು ಅಲ್ಲಿಯೂ ಆತನ ಬಿಡುಗಡೆಯಾಯಿತು. ಹದಿನೈದರ ಹುಡುಗ ಅಷ್ಟರಲ್ಲಿ ಇಪ್ಪತ್ತು ಮುಟ್ಟಿದ್ದ.

ಗೆದ್ದ ಎನ್ನಬಹುದು. ಆದರೆ ಐದನೆಯ ವರ್ಷಕ್ಕೆ ಕಾಲಿಟ್ಟ ಆತಂಕವನ್ನು ಯಾವ ತೀರ್ಪೂ ವಾಪಸು ಕೊಡುವುದಿಲ್ಲ. ಅಲ್ಲದೆ 2005ರಲ್ಲಿ ನಾರ್ವೆಯೂ ಬೀಗ ಮುರಿಯುವುದರ ವಿರುದ್ಧ ತನ್ನ ಕೃತಿಸ್ವಾಮ್ಯ ಕಾನೂನಿಗೆ ತಿದ್ದುಪಡಿ ತಂದಿತು.

ಅದೇ ಪ್ರೋಗ್ರಾಮಿನ ಪ್ರಸಂಗ ಅಟ್ಲಾಂಟಿಕ್ ಸಾಗರದ ಆಚೆ ಬೇರೆಯೇ ಹಾದಿ ಹಿಡಿಯಿತು. '2600' ಎಂಬ ಅಮೆರಿಕದ ಪತ್ರಿಕೆಯೊಂದು ಡಿಸಿಎಸ್ಎಸ್ ಬಗ್ಗೆ ವರದಿ ಮಾಡಿ, ತನ್ನ ತಾಣದಲ್ಲಿ ಪ್ರೋಗ್ರಾಮನ್ನೂ ಇಟ್ಟಿತು. ಎಂಟು ಹಾಲಿವುಡ್ ಸಂಸ್ಥೆಗಳು ದಾವೆ ಹೂಡಿದವು. ನ್ಯೂಯಾರ್ಕಿನ ನ್ಯಾಯಾಧೀಶ ಲೂಯಿಸ್ ಕಪ್ಲಾನ್ 2000ದ ಆಗಸ್ಟಿನಲ್ಲಿ ಪತ್ರಿಕೆಯ ವಿರುದ್ಧ ತೀರ್ಪಿತ್ತರು. ಪ್ರೋಗ್ರಾಮನ್ನು ಇಡುವಂತಿಲ್ಲ, ಅದು ಇರುವ ಬೇರೆ ತಾಣಗಳ ದಾರಿ ತೋರಿಸುವಂತೆಯೂ ಇಲ್ಲ. ಪ್ರೋಗ್ರಾಮ್ ಎಂಬುದೂ ಒಂದು ಬಗೆಯ ಅಭಿವ್ಯಕ್ತಿಯೇ, ಆದರೆ ಅದು ಕೆಲಸವನ್ನೂ ಮಾಡುತ್ತದೆ, ಆದ್ದರಿಂದ ಅದಕ್ಕೆ ಮೂಗುದಾರ ಹಾಕಬಹುದು ಎಂಬ ವಾದವನ್ನು 2001ರ ನವೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯವೂ ಒಪ್ಪಿತು.

ಆದರೆ ಪ್ರೋಗ್ರಾಮರುಗಳು ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವ ಜನ. ಕೆಲಸ ಮಾಡುವ ಪ್ರೋಗ್ರಾಮ್ ತಪ್ಪಾದರೆ, ಅದನ್ನೇ ಅಂಗಿಯ ಮೇಲೆ ಅಚ್ಚು ಹಾಕಿಸಿ ತೊಟ್ಟರೆ? ಪದ್ಯವಾಗಿ ಬರೆದರೆ? ಒಬ್ಬರು ಹೈಕು ಮಾಲಿಕೆಯಲ್ಲಿ ಇಡೀ ವಿಧಾನವನ್ನು ಹೆಣೆದರು. ಇನ್ನೊಬ್ಬರು ಒಂದು ಬೃಹತ್ ಅವಿಭಾಜ್ಯ ಸಂಖ್ಯೆಯನ್ನು ಕಂಡುಹಿಡಿದರು. ಅದನ್ನು ಕಂಪ್ಯೂಟರಿನ ಭಾಷೆಗೆ ತಂದು ಬಿಚ್ಚಿದರೆ ಆ ಪ್ರೋಗ್ರಾಮೇ ಹೊರಬರುತ್ತಿತ್ತು. ಗಣಿತದ ಒಂದು ಸಂಖ್ಯೆ ಕಾನೂನುಬಾಹಿರವಾಗಬಹುದೇ? ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಡೇವಿಡ್ ಟೂರೆಟ್ಸ್‌ಕಿ ಇಂಥ ರೂಪಗಳನ್ನೆಲ್ಲ ಒಂದು ಚಿತ್ರಶಾಲೆಯಂತೆ ಕೂಡಿಹಾಕಿ, ಎಲ್ಲಿಯವರೆಗೆ ಮಾತು, ಎಲ್ಲಿಂದ ಸಾಧನ ಎಂದು ಗೆರೆ ಎಳೆಯಿರಿ ಎಂಬ ಸವಾಲೊಡ್ಡಿದರು. ಇದು ತಮಾಷೆಯಂತೆ ಕಂಡರೂ ತಮಾಷೆಯಲ್ಲ.

ಏಕೆಂದರೆ ಗೆರೆ ಎಲ್ಲಿದೆಯೆಂದು ಗೊತ್ತಿಲ್ಲದಿದ್ದರೆ ಮೊದಲು ಬಾಯಿ ಮುಚ್ಚುವವರು ವಿದ್ವಾಂಸರು. 2000ದ ಸೆಪ್ಟೆಂಬರಿನಲ್ಲಿ ಸಂಗೀತ ಉದ್ಯಮದವರ ಒಂದು ಕೂಟ ಬಹಿರಂಗವಾಗಿ ಪಂಥಾಹ್ವಾನ ಕೊಟ್ಟಿತು: ಹಾಡುಗಳೊಳಗೆ ಅಡಗಿಸಿಡುವ ನಮ್ಮ ಗುರುತುಗಳನ್ನು ತೆಗೆಯಬಲ್ಲಿರಾ, ನೋಡೋಣ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಎಡ್ವರ್ಡ್ ಫೆಲ್ಟನ್ ಮತ್ತು ಸಂಗಡಿಗರು ಕೆಲವೇ ವಾರಗಳಲ್ಲಿ ತೆಗೆದು ತೋರಿಸಿದರು. ಬಹುಮಾನ ಬೇಕಾದರೆ ವಿಧಾನವನ್ನು ಗುಟ್ಟಾಗಿಡುವ ಕರಾರಿಗೆ ಸಹಿ ಹಾಕಬೇಕಿತ್ತು. ಅವರು ಬಹುಮಾನ ಬೇಡವೆಂದು ಬಿಟ್ಟು, ಪ್ರಬಂಧ ಬರೆಯುವ ದಾರಿ ಹಿಡಿದರು. 2001ರ ಏಪ್ರಿಲಿನಲ್ಲಿ ಪಿಟ್ಸ್‌ಬರ್ಗಿನಲ್ಲಿ ಪ್ರಬಂಧ ಓದುವ ಮೊದಲೇ ಒಂದು ಪತ್ರ ಬಂತು. ಪ್ರಕಟಿಸಿದರೆ 1998ರ ಕಾನೂನಿನ ಪ್ರಕಾರ ಕ್ರಮಕ್ಕೆ ಗುರಿಯಾಗಬಹುದು ಎಂದು. ಕರೆದವರೇ ಹೊಡೆಯಲು ಬಂದಂತಾಯಿತು. ಅಂದು ಪ್ರಬಂಧವನ್ನು ಹಿಂತೆಗೆದುಕೊಂಡ ಫೆಲ್ಟನ್ ತಾವೇ ನ್ಯಾಯಾಲಯಕ್ಕೆ ಹೋದರು. ಉದ್ಯಮದವರು, ದಾವೆ ಹೂಡುವ ಉದ್ದೇಶ ನಮಗಿರಲಿಲ್ಲ ಎಂದು ರಾಗ ಬದಲಿಸಿದರು. ಆಗಸ್ಟಿನಲ್ಲಿ ವಾಷಿಂಗ್ಟನ್ನಿನ ಸಮ್ಮೇಳನದಲ್ಲಿ ಪ್ರಬಂಧ ಮಂಡನೆಯಾಯಿತು. ಆದರೆ ಹೀಗೆ ಎದುರಿಸಿ ನಿಲ್ಲಲು ಎಲ್ಲರಿಗೂ ಪ್ರಿನ್ಸ್‌ಟನ್ನಿನ ಪ್ರಾಧ್ಯಾಪಕ ಪದವಿ ಇರುವುದಿಲ್ಲ. ಡಚ್ ಗೂಢಲಿಪಿ ತಜ್ಞ ನೀಲ್ಸ್ ಫರ್ಗುಸನ್ ಅದೇ ವರ್ಷ ವಿಡಿಯೊ ಸಂಕೇತಗಳನ್ನು ಕಾಯುವ ಒಂದು ಪದ್ಧತಿಯ ದೋಷ ಕಂಡುಹಿಡಿದರೂ, ಅಮೆರಿಕಕ್ಕೆ ಹೋಗಿಬರುವ ತಮಗೆ ಏನಾದೀತೋ ಎಂದು ವಿವರಗಳನ್ನು ಪ್ರಕಟಿಸಲಿಲ್ಲ. ಲೈನಕ್ಸ್ ಕಟ್ಟಿದವರಲ್ಲಿ ಒಬ್ಬರಾದ ಬ್ರಿಟನ್ನಿನ ಆ್ಯಲನ್ ಕಾಕ್ಸ್ ಸಮ್ಮೇಳನ ಸಮಿತಿಯೊಂದಕ್ಕೆ ರಾಜೀನಾಮೆ ಕೊಟ್ಟರು.

2003ರ ಪ್ರಸಂಗವಂತೂ ಕೇಳಿದವರು ನಂಬುವುದು ಕಷ್ಟ. ಪ್ರಿನ್ಸ್‌ಟನ್ನಿನ ವಿದ್ಯಾರ್ಥಿ ಅಲೆಕ್ಸ್ ಹಾಲ್ಡರ್‌ಮನ್ ಒಂದು ಸಂಗೀತದ ಸಿ.ಡಿ.ಯ ನಕಲು ನಿರೋಧಕ ಬೀಗವನ್ನು ಪರೀಕ್ಷಿಸಿದರು. ಸಿ.ಡಿ. ಹಾಕಿದೊಡನೆ ಅದು ಸದ್ದಿಲ್ಲದೆ ಕಂಪ್ಯೂಟರಿಗೆ ಒಂದು ಪ್ರೋಗ್ರಾಮನ್ನು ಇಳಿಸುತ್ತಿತ್ತು. ಇಳಿಯದಂತೆ ತಡೆಯಲು ಏನು ಮಾಡಬೇಕು? ಸಿ.ಡಿ. ಹಾಕುವಾಗ ಕೀಲಿಮಣೆಯ ಶಿಫ್ಟ್ ಗುಂಡಿಯನ್ನು ಒತ್ತಿ ಹಿಡಿದರೆ ಸಾಕು! ಇದನ್ನು ಬರೆದು ಪ್ರಕಟಿಸಿದ್ದಕ್ಕೆ ಬೀಗ ತಯಾರಿಸಿದ ಸನ್‌ಕಾಮ್ ಕಂಪೆನಿ ದಾವೆಯ ಬೆದರಿಕೆ ಹಾಕಿತು. ಊರೆಲ್ಲ ನಕ್ಕಮೇಲೆ ಕೈಬಿಟ್ಟಿತು. ಆದರೆ ಆ ಬೆದರಿಕೆಯ ನೆನಪು ಸುಮ್ಮನೆ ಹೋಗಲಿಲ್ಲ. ಎರಡು ವರ್ಷಗಳ ನಂತರ ಸೋನಿ ಬಿ.ಎಂ.ಜಿ. ಸಂಸ್ಥೆಯ ಸಿ.ಡಿ.ಗಳು ಗ್ರಾಹಕರ ಕಂಪ್ಯೂಟರಿನೊಳಗೆ ಕಳ್ಳಪ್ರೋಗ್ರಾಮೊಂದನ್ನು ಅಡಗಿಸುತ್ತಿದ್ದವು. ಅದರ ಮರೆಯಲ್ಲಿ ವೈರಸ್‌ಗಳೂ ಬಚ್ಚಿಟ್ಟುಕೊಳ್ಳಬಹುದಿತ್ತು. ಫೆಲ್ಟನ್, ಹಾಲ್ಡರ್‌ಮನ್ ಇಬ್ಬರಿಗೂ ವಿಷಯದ ಸುಳಿವು ಮೊದಲೇ ಸಿಕ್ಕಿತ್ತು. ವಕೀಲರ ಸಲಹೆ ಕೇಳುತ್ತ ಕುಳಿತದ್ದರಿಂದ ತಡವಾಯಿತು. 2005ರ ಅಕ್ಟೋಬರ್ 31ರಂದು ಅದನ್ನು ಬಯಲಿಗೆಳೆದವರು ಮಾರ್ಕ್ ರುಸಿನೊವಿಚ್ ಎಂಬ ಇನ್ನೊಬ್ಬ ತಜ್ಞರು. ನಡುವಣ ಆ ವಾರಗಳಲ್ಲಿ ಹಾಡು ಕೇಳಲು ಸಿ.ಡಿ. ಕೊಂಡವರಿಗೆ ತಮ್ಮ ಕಂಪ್ಯೂಟರಿನೊಳಗೆ ಏನು ಕುಳಿತಿದೆಯೆಂಬುದು ತಿಳಿಯಲಿಲ್ಲ.

ಇನ್ನು ಸ್ಕ್ಲ್ಯಾರೊವ್ ಗತಿ. 2001ರ ಡಿಸೆಂಬರಿನಲ್ಲಿ ಸರ್ಕಾರ ಆತನೊಡನೆ ಒಂದು ಒಡಂಬಡಿಕೆ ಮಾಡಿಕೊಂಡಿತು: ಮೊಕದ್ದಮೆಯಲ್ಲಿ ಸಾಕ್ಷಿ ಹೇಳಬೇಕು, ಅದಕ್ಕೆ ಪ್ರತಿಯಾಗಿ ಆತನ ಮೇಲಿನ ಆರೋಪಗಳನ್ನು ಬದಿಗಿಡಲಾಗುವುದು. ಆತ ಊರು ಸೇರಿದ. ಕಂಪೆನಿ ಮಾತ್ರ ಕಟಕಟೆಯಲ್ಲಿ ಉಳಿಯಿತು. ವರ್ಷದ ಹಿಂದೆ ಹೊರಡಲು ಬಿಡದೆ ಹಿಡಿದಿಟ್ಟಿದ್ದ ದೇಶ, ಸಾಕ್ಷಿ ಹೇಳಲು ಬರುತ್ತೇನೆಂದಾಗ ವೀಸಾ ಕೊಡಲು ತಕರಾರು ಮಾಡಿ ವಿಚಾರಣೆಯೇ ಮುಂದಕ್ಕೆ ಹೋಯಿತು! ಕೊನೆಗೆ 2002ರ ಡಿಸೆಂಬರಿನಲ್ಲಿ ಸ್ಯಾನ್ ಹೊಸೆಯಲ್ಲಿ ವಿಚಾರಣೆ ನಡೆಯಿತು. ನ್ಯಾಯಾಧೀಶ ರೊನಾಲ್ಡ್ ವೈಟ್ ಜ್ಯೂರಿಗೆ ವಿವರಿಸಿದ್ದು ಇದು: ಕಂಪೆನಿ ಬೀಗ ತೆಗೆಯುವ ಸಾಧನ ಮಾರಿದರೆ ಸಾಲದು, ಕಾನೂನು ಮುರಿಯುತ್ತಿದ್ದೇವೆಂಬ ಅರಿವಿನಿಂದ, ಮುರಿಯುವ ಉದ್ದೇಶದಿಂದ ಮಾರಿತೆಂದು ರುಜುವಾತಾಗಬೇಕು. ಡಿಸೆಂಬರ್ 17ರಂದು ಜ್ಯೂರಿ ಎಲ್ಲ ಆರೋಪಗಳಿಂದಲೂ ಕಂಪೆನಿಯನ್ನು ಖುಲಾಸೆ ಮಾಡಿತು. ಹನ್ನೆರಡು ಸಾಮಾನ್ಯ ನಾಗರಿಕರಿಗೆ ಆ ಕಾನೂನನ್ನು ಅರ್ಥ ಮಾಡಿಕೊಳ್ಳುವುದೇ ಸಾಹಸವಾಗಿತ್ತು. ಹೀಗಿರುವಾಗ ರಷ್ಯದ ಪ್ರೋಗ್ರಾಮರನಿಗೆ ಅದು ಕರತಲಾಮಲಕವಾಗಿತ್ತೆಂದು ನಂಬುವುದು ಹೇಗೆ?

ಆಮೇಲಿನ ವರ್ಷಗಳಲ್ಲಿ ಈ ಕಾನೂನನ್ನು ಹಿಡಿದು ಹೊರಟವರಲ್ಲಿ ಕೃತಿಗೂ ಕಲೆಗೂ ಸಂಬಂಧವಿಲ್ಲದವರೂ ಇದ್ದರು. ಬೇರೆಯವರು ತಯಾರಿಸಿದ ಟೋನರ್ ಡಬ್ಬಿ ತನ್ನ ಪ್ರಿಂಟರಿಗೆ ಹೊಂದಬಾರದೆಂದು ಲೆಕ್ಸ್‌ಮಾರ್ಕ್ ಕಂಪೆನಿ ಇದೇ ಕಾನೂನಿನ ಮೊರೆಹೊಕ್ಕಿತು. ಕಾರಿನ ಶೆಡ್ಡಿನ ಬಾಗಿಲು ತೆರೆಯುವ ರಿಮೋಟಿನ ವಿಷಯದಲ್ಲಿ ಚೇಂಬರ್ಲಿನ್ ಕಂಪೆನಿಯೂ ಹಾಗೆಯೇ ಮಾಡಿತು. 2004ರಲ್ಲಿ ಮೇಲ್ಮನವಿ ನ್ಯಾಯಾಲಯಗಳು ಎರಡನ್ನೂ ಒಪ್ಪಲಿಲ್ಲ.

ಕಾನೂನಿನೊಳಗೆ ಕೆಲವು ಕಿಟಕಿಗಳೂ ಇವೆ. ಎರಡು ಪ್ರೋಗ್ರಾಮುಗಳು ಪರಸ್ಪರ ಹೊಂದಿ ಕೆಲಸ ಮಾಡುವಂತೆ ಮಾಡಲು, ಗೂಢಲಿಪಿಯ ಸಂಶೋಧನೆಗೆ, ಭದ್ರತೆಯ ಪರೀಕ್ಷೆಗೆ ಷರತ್ತುಬದ್ಧ ವಿನಾಯಿತಿ ಉಂಟು. ಜೊತೆಗೆ ಪ್ರತಿ ಮೂರು ವರ್ಷಕ್ಕೊಮ್ಮೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಮುಖ್ಯಸ್ಥರು ಅಹವಾಲು ಕೇಳಿ ಹೊಸ ವಿನಾಯಿತಿಗಳನ್ನು ಕೊಡುತ್ತಾರೆ. ಧ್ವನಿಯಲ್ಲಿ ಓದಿಸಿಕೊಳ್ಳಲು ಬಿಡದ ಇ-ಬುಕ್‌ಗಳಿಗೆ 2003ರಲ್ಲಿ, ಮೊಬೈಲ್ ಫೋನನ್ನು ಬೇರೆ ಕಂಪೆನಿಯ ಜಾಲಕ್ಕೆ ಬದಲಿಸಿಕೊಳ್ಳಲು 2006ರಲ್ಲಿ, ರೈತರು ತಮ್ಮ ಟ್ರ್ಯಾಕ್ಟರನ್ನು ತಾವೇ ರಿಪೇರಿ ಮಾಡಿಕೊಳ್ಳಲು ಮತ್ತು ಸದುದ್ದೇಶದ ಭದ್ರತಾ ಸಂಶೋಧನೆಗೆ 2015ರಲ್ಲಿ ಅನುಮತಿ ಸಿಕ್ಕಿತು. ಆದರೆ ಇವು ಶಾಶ್ವತವಲ್ಲ. ಪಿಂಚಣಿದಾರರು ಬ್ಯಾಂಕಿಗೆ ಹೋಗಿ, ತಾವಿನ್ನೂ ಬದುಕಿದ್ದೇವೆಂದು ತೋರಿಸಿ ಬರುವಂತೆ ಮೂರು ಮೂರು ವರ್ಷಕ್ಕೂ ಮತ್ತೆ ಅರ್ಜಿ ಹಾಕಬೇಕು. ಫೋನಿನ ವಿನಾಯಿತಿ 2012ರಲ್ಲಿ ಬಿದ್ದುಹೋಗಿ, ಜನ ಗಲಾಟೆ ಮಾಡಿದ ಮೇಲೆ 2014ರಲ್ಲಿ ಸಂಸತ್ತೇ ಅದನ್ನು ವಾಪಸು ತರಬೇಕಾಯಿತು. ಇನ್ನೊಂದು ವಿಚಿತ್ರವೂ ಇದೆ. ಈ ಮೂರು ವರ್ಷದ ವಿನಾಯಿತಿ ಬೀಗ ತೆಗೆಯುವ ಕ್ರಿಯೆಗೆ ಮಾತ್ರ, ತೆಗೆಯುವ ಸಾಧನ ಹಂಚುವುದಕ್ಕಲ್ಲ. ಈಜಬಹುದು, ಈಜು ಕಲಿಸುವ ಮೇಷ್ಟ್ರು ಮಾತ್ರ ಇರಕೂಡದು ಎಂದ ಹಾಗೆ. ಗೂಢಲಿಪಿ ತಜ್ಞ ಮ್ಯಾಥ್ಯೂ ಗ್ರೀನ್ ಮತ್ತು ಎಂಜಿನಿಯರ್ ಆ್ಯಂಡ್ರೂ ಹುವಾಂಗ್ ಈ ಕಾನೂನು ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು 2016ರಲ್ಲಿ ಸರ್ಕಾರದ ಮೇಲೆಯೇ ದಾವೆ ಹೂಡಿದರು. ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ 2024ರಲ್ಲಿ ಅವರ ವಾದವನ್ನು ತಳ್ಳಿಹಾಕಿತು.

ಇಷ್ಟರಿಂದ ಬೀಗ ಬಿಚ್ಚುವವರೆಲ್ಲ ಮುಗ್ಧರೆಂದು ತಿಳಿಯಬೇಕಿಲ್ಲ. ನಿಂಟೆಂಡೊ ಆಟದ ಯಂತ್ರಗಳಲ್ಲಿ ಕಳ್ಳಪ್ರತಿಗಳನ್ನು ಓಡಿಸುವ ಸಾಧನಗಳನ್ನು ಮಾರುತ್ತಿದ್ದ ಒಂದು ಗುಂಪಿನ ಸದಸ್ಯ, ಕೆನಡಾದ ಗ್ಯಾರಿ ಬೌಸರ್‌ಗೆ ಅಮೆರಿಕದ ನ್ಯಾಯಾಲಯ 2022ರಲ್ಲಿ 40 ತಿಂಗಳ ಸೆರೆ ವಿಧಿಸಿತು. ಕಂಪೆನಿಗೆ ಕೊಡಬೇಕಾದ ಮೊತ್ತ ಒಂದೂವರೆ ಕೋಟಿ ಡಾಲರಿನ ಹತ್ತಿರ. ಅಲ್ಲಿ ನಡೆದದ್ದು ಅಧ್ಯಯನವಲ್ಲ, ವ್ಯಾಪಾರ. ಆತನ ವಿಷಯದಲ್ಲಿ ಕಣ್ಣೀರು ಹಾಕುವ ಅಗತ್ಯವಿಲ್ಲ. ಆದರೆ ಆತನನ್ನೂ ಪ್ರಿನ್ಸ್‌ಟನ್ನಿನ ವಿದ್ಯಾರ್ಥಿಯನ್ನೂ ಒಂದೇ ಸೆಕ್ಷನ್ನು ಬೆದರಿಸಬಲ್ಲದು ಎಂಬುದು ಸಣ್ಣ ಮಾತಲ್ಲ.

ನಮ್ಮ ದೇಶದ ಕಾನೂನು ಏನು ಹೇಳುತ್ತದೆ? ಭಾರತ ಅವಸರ ಮಾಡಲಿಲ್ಲ. 2012ರ ತಿದ್ದುಪಡಿಯಿಂದ ಕೃತಿಸ್ವಾಮ್ಯ ಕಾಯಿದೆಗೆ 65ಎ ಎಂಬ ಕಲಮು ಸೇರಿತು. ಬೀಗ ಮುರಿದವನಿಗೆ ಎರಡು ವರ್ಷದವರೆಗೆ ಸೆರೆ ಮತ್ತು ದಂಡ. ಆದರೆ ನಡುವೆ ಕೆಲವೇ ಪದಗಳ ಒಂದು ಷರತ್ತಿದೆ: ಆ ಕಾಯಿದೆ ಕೊಟ್ಟ 'ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ' ಮುರಿದಿರಬೇಕು. ಅಮೆರಿಕದ ಕಾನೂನು ಬೀಗವನ್ನು ನೋಡಿದರೆ ಭಾರತದ ಕಾನೂನು ಬೀಗ ಬಿಚ್ಚಿದವನ ಮನಸ್ಸನ್ನು ನೋಡುತ್ತದೆ. ನ್ಯಾಯವಾಗಿ ಪಡೆದ ಪ್ರತಿಯ ಮೇಲೆ ಗೂಢಲಿಪಿ ಸಂಶೋಧನೆ ಮಾಡುವುದಕ್ಕೆ, ಮಾಲೀಕರ ಅನುಮತಿಯಿಂದ ಕಂಪ್ಯೂಟರ್ ಭದ್ರತೆ ಪರೀಕ್ಷಿಸುವುದಕ್ಕೆ ಬಿಡಿಸಿ ಹೇಳಿದ ವಿನಾಯಿತಿಗಳಿವೆ. ಪ್ರೋಗ್ರಾಮ್ ಹೇಗೆ ಕೆಲಸ ಮಾಡುತ್ತದೆಂದು ಗಮನಿಸುವುದು, ಅಭ್ಯಾಸ ಮಾಡುವುದು, ಪರೀಕ್ಷಿಸುವುದು ಉಲ್ಲಂಘನೆಯಲ್ಲವೆಂದು 52ನೆಯ ಕಲಮು ಹೇಳುತ್ತದೆ. ಅಂಗವಿಕಲರಿಗೆ ಅನುಕೂಲವಾಗುವಂತೆ ಕೃತಿಯ ರೂಪ ಬದಲಿಸಿಕೊಡುವುದಕ್ಕೂ ಅಲ್ಲಿ ಎಡೆ ಸಿಕ್ಕಿದ್ದು ಅದೇ 2012ರಲ್ಲಿ. ಜಿನೀವಾದ 1996ರ ಒಪ್ಪಂದಕ್ಕೆ ಭಾರತ ಸೇರಿದ್ದು ಇನ್ನೂ ಆರು ವರ್ಷ ಬಿಟ್ಟು, 2018ರಲ್ಲಿ. ಕಾನೂನು ಬರೆಯುವುದರಲ್ಲಿ ತಡವೂ ಕೆಲವೊಮ್ಮೆ ಲಾಭವೇ. ಮುಂದೆ ಹೋದವರು ಎಡವಿದ ಕಲ್ಲು ಕಾಣುತ್ತದೆ.

ಹಾಗೆಂದು ಎಲ್ಲವೂ ಸುಗಮವಲ್ಲ. ಕಾಯಿದೆ ನಿಷೇಧಿಸದ ಉದ್ದೇಶಕ್ಕಾಗಿ ಒಬ್ಬ ಇನ್ನೊಬ್ಬನಿಗೆ ಬೀಗ ತೆಗೆಯಲು ನೆರವಾಗಬಹುದು. ಆದರೆ ನೆರವು ಪಡೆದವನ ಹೆಸರು, ವಿಳಾಸ, ಉದ್ದೇಶ ಎಲ್ಲವನ್ನೂ ಪೂರ್ತಿಯಾಗಿ ಬರೆದಿಟ್ಟುಕೊಳ್ಳಬೇಕು. ಪೇಟೆಯ ಫುಟ್‌ಪಾತಿನಲ್ಲಿ ಕೊಡೆಯ ಕೆಳಗೆ ಕುಳಿತು ಡೂಪ್ಲಿಕೇಟ್ ಕೀ ಮಾಡಿಕೊಡುವವನಿಗೆ ಗಿರಾಕಿಯ ಮುಖವಾದರೂ ಕಾಣುತ್ತದೆ. ಪ್ರೋಗ್ರಾಮೊಂದನ್ನು ಬರೆದು ಎಲ್ಲರಿಗೂ ಉಚಿತವಾಗಿ ಬಿಟ್ಟವನು ಯಾವ ಲೆಡ್ಜರಿನಲ್ಲಿ ಯಾರ ಹೆಸರು ಬರೆದಾನು? ಇದರ ಜೊತೆಗೆ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯೂ ಇದೆ. ಪರರ ಕಂಪ್ಯೂಟರಿಗೆ ಅನುಮತಿಯಿಲ್ಲದೆ, ದುರುದ್ದೇಶದಿಂದ ಕೈ ಹಾಕಿದರೆ ಅದರ 66ನೆಯ ಕಲಮಿನಡಿ ಮೂರು ವರ್ಷದವರೆಗೆ ಸೆರೆ, ಐದು ಲಕ್ಷ ರೂಪಾಯಿವರೆಗೆ ದಂಡ. ಸ್ವಂತ ಮೇಜಿನ ಮೇಲಿರುವ ಪ್ರತಿಯನ್ನು ಬಿಚ್ಚಿ ನೋಡುವುದು ಬೇರೆ, ಕಂಪೆನಿಯ ಸರ್ವರಿನೊಳಗೆ ಹೊಕ್ಕು ನೋಡುವುದು ಬೇರೆ. ಎರಡರ ನಡುವಿನ ಹೊಸಿಲನ್ನು ದಾಟಿದ್ದು ಹುಡುಗರಿಗೆ ಎಷ್ಟೋ ಸಲ ದಾಟಿದ ಮೇಲೆಯೇ ತಿಳಿಯುತ್ತದೆ.

ಇನ್ನು ಬೆಂಗಳೂರಿನ ಮೇಜಿನ ಮುಂದೆ ಕುಳಿತ ಪ್ರೋಗ್ರಾಮರನಿಗೆ 65ಎ ಕಲಮೊಂದೇ ಸಾಕೇ ಎಂಬ ಪ್ರಶ್ನೆ. ಇದಕ್ಕೆ ಉತ್ತರ ಸ್ಯಾನ್ ಹೊಸೆಯ ಕಡತಗಳಲ್ಲೇ ಇದೆ. ವಿಚಾರಣೆಗೆ ಮೊದಲು ಎಲ್ಕಾಮ್‌ಸಾಫ್ಟ್ ಒಂದು ವಾದ ಮುಂದಿಟ್ಟಿತ್ತು: ನಮ್ಮ ಕಚೇರಿ ಇರುವುದು ಮಾಸ್ಕೋದಲ್ಲಿ, ಮಾರಾಟ ನಡೆದದ್ದು ಇಂಟರ್‌ನೆಟ್ಟಿನಲ್ಲಿ, ಅಮೆರಿಕದ ಕಾನೂನು ಇಲ್ಲಿಗೆ ಹೇಗೆ ಬರುತ್ತದೆ? ನ್ಯಾಯಾಧೀಶರು ಒಪ್ಪಲಿಲ್ಲ. ಗಿರಾಕಿಗಳಲ್ಲಿ ಅಮೆರಿಕದವರಿದ್ದರು, ಹಣ ವಸೂಲಿಯ ವ್ಯವಸ್ಥೆ ಅಮೆರಿಕದ ಸಂಸ್ಥೆಯೊಂದರದು, ತಾಣವಿದ್ದ ಸರ್ವರ್ ಅಮೆರಿಕದ ನೆಲದ ಮೇಲಿತ್ತು. ಇಷ್ಟು ಸಾಕಾಯಿತು. ರಷ್ಯದ ವಿದೇಶಾಂಗ ಖಾತೆ ಆ ದಿನಗಳಲ್ಲೇ ತನ್ನ ಕಂಪ್ಯೂಟರ್ ತಜ್ಞರಿಗೆ, ಅಮೆರಿಕಕ್ಕೆ ಹೋಗುವಾಗ ಎಚ್ಚರದಿಂದಿರಿ ಎಂದು ಸೂಚನೆ ಕೊಟ್ಟಿತ್ತು.

ಗಿರಾಕಿ, ಹಣದ ದಾರಿ, ಸರ್ವರ್: ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಮಂಗಳೂರಿನಲ್ಲೋ ಕುಳಿತು ಹೊರದೇಶಕ್ಕೆ ತಂತ್ರಾಂಶ ಮಾರುವವರಲ್ಲಿ ಈ ಮೂರರಲ್ಲಿ ಒಂದಾದರೂ ಅಮೆರಿಕದಲ್ಲಿ ಇಲ್ಲದವರು ವಿರಳ. ಊರಲ್ಲಿ ಕುಳಿತಿರುವವರೆಗೆ ಅದು ಗೊತ್ತಾಗುವುದಿಲ್ಲ. ಸಮ್ಮೇಳನಕ್ಕೆಂದೋ ಮಗಳ ಮನೆಗೆಂದೋ ಅಲ್ಲಿ ವಿಮಾನ ಇಳಿದಾಗ ಗೊತ್ತಾಗುತ್ತದೆ. ಸ್ಕ್ಲ್ಯಾರೊವ್‌ಗೆ ಗೊತ್ತಾದದ್ದು ವಾಪಸು ವಿಮಾನ ಹತ್ತಲು ಹೊರಟಾಗ.